ಒಂದು ಗಂಟೆಯ ನೌಕರಿ

ಟೀವಿಯಲ್ಲಿ ಟೈ ಕಟ್ಟಿದವನೊಬ್ಬ ಹಲ್ಲು ಕಿರಿಯುತ್ತಾ ಹೇಳಿದ: ಕಳೆದ ತಿಂಗಳು ದೇಶದಲ್ಲಿ ಉದ್ಯೋಗ ಹೆಚ್ಚಿದೆ, ಸರಾಸರಿ ಸಂಬಳವೂ ಏರಿದೆ. ಅವನ ಬೆನ್ನ ಹಿಂದೆ ಹಸಿರು ಬಾಣವೊಂದು ಸರ್ರನೆ ಮೇಲೆ ಹೋಯಿತು. ಚಿಕ್ಕವಳು ಕೈಯಲ್ಲಿದ್ದ ನೆಲ ಒರೆಸುವ ಬಟ್ಟೆಯನ್ನು ಅವನ ಮುಖಕ್ಕೇ ಎಸೆದಳು.

“ಏರಿದೆಯಂತೆ! ಎಲ್ಲಿ ಏರಿದೆ, ಇವನ ಅತ್ತೆ ಮನೇಲಾ?”

“ಟೀವಿ ಏನು ಮಾಡ್ತು ನಿಂಗೆ? ಅದರ ಕಂತೇ ಇನ್ನೂ ಮುಗಿದಿಲ್ಲ,” ಎಂದಳು ದೊಡ್ಡಕ್ಕ. ಹೇಳಿದ ಮೇಲೆ ತನ್ನ ಮಾತು ತನಗೇ ಹಿಡಿಸಲಿಲ್ಲ.

ದೊಡ್ಡಕ್ಕ ಅಂದರೆ ಚಿಕ್ಕವಳಿಗೆ ಒಡಹುಟ್ಟಿದ ಅಕ್ಕ. ಲಾಂಡ್ರಿಯ ಅಷ್ಟೂ ಹೆಂಗಸರಿಗೂ ಅಕ್ಕ. ಆಸ್ಪತ್ರೆ, ಹೋಟೆಲುಗಳ ಹಾಸು ಹೊದಿಕೆಗಳನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಲಾಂಡ್ರಿ ಅದು. ಅಲ್ಲಿ ಅವಳು ಸೂಪರ್‌ವೈಸರ್. ಯಾರು ಬಂದರು, ಯಾರು ಬರಲಿಲ್ಲ, ಯಾರು ಸೋಪಿನ ನೀರಿಗೆ ಕೈ ಒಡೆದುಕೊಂಡು ಮನೆಯಲ್ಲಿ ಕೂತರು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಗಂಡ ತೀರಿಹೋದ ಮೇಲೆ ಚಿಕ್ಕವಳು ಮಗಳನ್ನು ಕಟ್ಟಿಕೊಂಡು ಅಕ್ಕನ ಎರಡು ಕೋಣೆಯ ಮನೆಗೆ ಬಂದಳು, ಅಕ್ಕನ ಲಾಂಡ್ರಿಗೂ ಬಂದಳು. ಇಬ್ಬರ ದುಡಿಮೆಯಲ್ಲಿ ಸಂಸಾರ ಹೇಗೋ ಕುಂಟುತ್ತಾ ಸಾಗುತ್ತಿತ್ತು.

ತಿಂಗಳಿಗೊಮ್ಮೆ ಸರ್ಕಾರದ ಲೆಕ್ಕದ ಕಚೇರಿಯಿಂದ ಲಾಂಡ್ರಿಗೆ ಫೋನು ಬರುತ್ತಿತ್ತು. ಒಂದೇ ಹೆಣ್ಣು ದನಿ, ಅವೇ ಪ್ರಶ್ನೆಗಳು: ಈ ಸಂಬಳದ ವಾರದಲ್ಲಿ ಎಷ್ಟು ಜನಕ್ಕೆ ಕೂಲಿ ಕೊಟ್ಟಿರಿ, ಎಷ್ಟು ಗಂಟೆ ದುಡಿದರು, ಒಟ್ಟು ಎಷ್ಟು ಹಣ. ಉತ್ತರ ಕೊಡುವುದು ದೊಡ್ಡಕ್ಕನ ಕೆಲಸ. ಒಂದು ಗಂಟೆ ದುಡಿದು ಕೂಲಿ ಪಡೆದವರೂ ಲೆಕ್ಕಕ್ಕೆ ಸೇರುತ್ತಾರೆಂದು ಆ ದನಿ ಎಂದೋ ಹೇಳಿಕೊಟ್ಟಿತ್ತು. ಆಗ ಅವಳಿಗೆ ಅದು ನ್ಯಾಯವೆಂದೇ ಕಂಡಿತ್ತು. ಒಂದು ಗಂಟೆಯ ಬೆವರೂ ಬೆವರೇ ತಾನೆ?

ಕಳೆದ ಸಲ ಆ ಫೋನು ಬಂದುಹೋದ ಮಾರನೆಯ ದಿನವೇ ಲಾಂಡ್ರಿಯ ಧಣಿ ಚಿಕ್ಕವಳೂ ಸೇರಿ ಇಪ್ಪತ್ತೆರಡು ಹೆಂಗಸರನ್ನು ಮನೆಗೆ ಕಳಿಸಿದ. ದೊಡ್ಡ ಹೋಟೆಲೊಂದರ ಗುತ್ತಿಗೆ ಕೈತಪ್ಪಿತು ಎಂದ. ಉಳಿದವರು ನಾಲ್ಕೇ ಜನ: ಬಾಯ್ಲರಿನವನು, ವ್ಯಾನಿನವನು, ಗುಮಾಸ್ತ ಮತ್ತು ದೊಡ್ಡಕ್ಕ. “ನೀನಿಲ್ದೆ ಲಾಂಡ್ರಿ ಇಲ್ಲಮ್ಮ,” ಎಂದು ಬೆಣ್ಣೆ ಹಚ್ಚಿ ಅವಳ ಸಂಬಳವನ್ನೂ ಒಂದಿಷ್ಟು ಏರಿಸಿದ. ಕಡಿಮೆ ಕೂಲಿಯವರನ್ನೆಲ್ಲ ಹೊರಗೆ ದಬ್ಬಿ, ಉಳಿದವರ ಬಾಯಿಗೆ ಒಂದು ತುತ್ತು ಹೆಚ್ಚಿಗೆ ತುರುಕಿದರೆ ಸರಾಸರಿ ಏರದೆ ಇನ್ನೇನಾದೀತು! ಇಂಥ ಲಾಂಡ್ರಿಗಳು ದೇಶದ ತುಂಬ ಎಷ್ಟಿದ್ದವೋ.

ಚಿಕ್ಕವಳು ಬೀದಿ ಬೀದಿ ಅಲೆದಳು. ಚಪ್ಪಲಿ ಸವೆದ ಮೇಲೆ ಒಂದು ಬೇಕರಿಯಲ್ಲಿ ತಟ್ಟೆ ತೊಳೆಯುವ ಕೆಲಸ ಸಿಕ್ಕಿತು. ಸಂಬಳ ಲಾಂಡ್ರಿಯದಕ್ಕಿಂತ ಕಡಿಮೆ. ಬೇಕರಿಯವನು ಸಿಡುಕ, ಆದರೆ ಒಳ್ಳೆಯವನು. ಉಳಿದ ಬ್ರೆಡ್ಡನ್ನು ಮಗುವಿಗೆಂದು ಕಟ್ಟಿಕೊಡುತ್ತಿದ್ದ.

ಹೀಗಿರುವಾಗ ಸೋಮವಾರ ಧಣಿ ದೊಡ್ಡಕ್ಕನನ್ನು ಕರೆದು, “ಎಲ್ಲ ಹೆಂಗಸರನ್ನೂ ಬುಧವಾರ ಬೆಳಿಗ್ಗೆ ಬರೋಕೆ ಹೇಳು. ಒಬ್ಬರನ್ನೂ ಬಿಡಬೇಡ,” ಎಂದ. ಯಾಕೆ, ಏನು, ಎಷ್ಟು ದಿನಕ್ಕೆ ಎಂದು ಅವಳು ಕೇಳಬೇಕಿತ್ತು. ವರ್ಷಗಟ್ಟಲೆ ಆ ಫೋನಿಗೆ ಉತ್ತರ ಕೊಟ್ಟವಳು, ಅದು ಆ ಫೋನು ಬರುವ ಸಂಬಳದ ವಾರವೆಂದು ಬಲ್ಲವಳು, ಕೇಳಲೇಬೇಕಿತ್ತು. ಕೇಳಲಿಲ್ಲ. ಖುಷಿ ತಲೆಗೇರಿತ್ತು. ಮನೆ ಮನೆಗೆ ಹೋಗಿ ಬಾಗಿಲು ಬಡಿದಳು. ಕೊನೆಗೆ ಬೇಕರಿಯ ಹಿಂಬಾಗಿಲಿಗೆ ಓಡಿ ತಂಗಿಯ ಸೋಪಿನ ಕೈ ಹಿಡಿದುಕೊಂಡು, “ಬಿಟ್ಟಾಕು ಇದನ್ನ! ನಮ್ಮ ಕೆಲಸ ವಾಪಸ್ ಬಂತು!” ಎಂದಳು.

“ನಿಜವಾಗ್ಲೂ?”

“ನಾನು ನಿಂಗೆ ಸುಳ್ಳು ಹೇಳ್ತೀನಾ?”

ಚಿಕ್ಕವಳು ಅಲ್ಲೇ ಏಪ್ರನ್ ಬಿಚ್ಚಿಟ್ಟಳು. ಬೇಕರಿಯವನು ಗೊಣಗಿದ, ಸಂಜೆಯೊಳಗೆ ಬೇರೊಬ್ಬಳನ್ನು ಇಟ್ಟುಕೊಂಡ.

ಬುಧವಾರ ಇಪ್ಪತ್ತೆರಡು ಜನವೂ ಬಂದರು. ಬಾಗಿಲಲ್ಲೇ ಗುಮಾಸ್ತ ಒಬ್ಬೊಬ್ಬರ ಕೈಗೂ ಒಂದೊಂದು ಕವರ್ ಇಟ್ಟ. ಕೆಲಸಕ್ಕೆ ಮೊದಲೇ ಕೂಲಿಯೇ ಎಂದು ಹೆಂಗಸರು ಮುಖ ಮುಖ ನೋಡಿಕೊಂಡರು. ಅವರಲ್ಲಿ ಒಬ್ಬಳಿಗೆ ಮಾತಿನಮಲ್ಲಿ ಎಂದೇ ಹೆಸರು, ಅವಳು ಇಸ್ತ್ರಿ ಯಂತ್ರದ ಮೇಲೆ ಅಂಗೈ ಇಟ್ಟು, “ಏನಕ್ಕಾ ಇದು, ಹೆಣದ ಥರ ತಣ್ಣಗಿದೆ! ಬಾಯ್ಲರ್ ಹಚ್ಚೋದು ಮರೆತ್ರಾ?” ಎಂದಳು.

ಬಾಯ್ಲರಿನವನು ನೆಲ ನೋಡಿದ. ಧಣಿ ಗಾಜಿನ ಕೋಣೆಯಿಂದ ಈಚೆ ಬಂದ.

“ಒಂದು ಗಂಟೆ ಕೆಲಸ ಅಷ್ಟೇ. ಆ ಮೂಲೇಲಿರೋ ಹೊದಿಕೆ ಬಿಚ್ಚಿ, ಮತ್ತೆ ಮಡಿಸಿ, ಮನೆಗೆ ಹೋಗಿ. ಮುಂದಿನ ತಿಂಗಳೂ ಕರೀತೀನಿ.”

ಒಗೆದು ಮಡಿಸಿದ್ದ ಹೊದಿಕೆಗಳವು. ಅವನ್ನು ಬಿಚ್ಚಿ ಮತ್ತೆ ಮಡಿಸುವುದಕ್ಕೆ ಇಷ್ಟು ಜನ ಊರಿನ ಮೂಲೆ ಮೂಲೆಯಿಂದ ಬಸ್ಸು ಹತ್ತಿ ಬಂದಿದ್ದರು. ದೊಡ್ಡಕ್ಕ ಧಣಿಯ ಎದುರಿಗೆ ಬಂದು ನಿಂತಳು.

“ಕೆಲಸ ವಾಪಸ್ ಅಂದ್ರಲ್ಲ ಸಾರ್?”

“ಬರೋಕೆ ಹೇಳು ಅಂದೆ. ವಾಪಸ್ ಅಂತ ಯಾವಾಗ ಅಂದೆ?” ಧಣಿ ದನಿ ತಗ್ಗಿಸಿದ. “ಜನ ಕಡಿಮೆಯಾಗಿಲ್ಲ ಅಂತ ತೋರಿಸಿದ್ರೆ ಸರ್ಕಾರದ ನೆರವು ಬರುತ್ತೆ. ನಿನ್ನ ಸಂಬಳವೂ ಅದರಿಂದಲೇ. ಈಗ ಫೋನ್ ಬರುತ್ತೆ, ಇಪ್ಪತ್ತಾರು ಅನ್ನು. ಸುಳ್ಳೇನಲ್ವಲ್ಲ?”

ಸುಳ್ಳಲ್ಲ. ಅದೇ ಅವಳ ಮೈ ಉರಿಸಿದ್ದು. ಅವನು ಸುಳ್ಳನಾಗಿದ್ದರೆ ಹಿಡಿದು ಜಾಡಿಸಬಹುದಿತ್ತು. ಈ ಮನುಷ್ಯ ನಿಜವನ್ನೇ ತಂದು ಇಷ್ಟು ಜನರ ಕೊರಳಿಗೆ ಸುತ್ತಿದ್ದ.

ಚಿಕ್ಕವಳು ಕೂಗಾಡಲಿಲ್ಲ. ಹತ್ತಿರ ಬಂದು ಅಕ್ಕನ ಮುಖವನ್ನೇ ನೋಡುತ್ತಾ ಕೇಳಿದಳು. “ಬೇಕರಿ ಬಿಡಿಸಿದೆಯಲ್ಲೇ. ಮಗುವಿಗೆ ಏನು ಹೇಳಲಿ ಈಗ? ದೊಡ್ಡಮ್ಮ ನನಗೆ ಒಂದು ಗಂಟೆ ನೌಕರಿ ಕೊಡಿಸಿದ್ಲು ಅನ್ಲಾ?”

ಅಷ್ಟರಲ್ಲಿ ಗಾಜಿನ ಕೋಣೆಯಲ್ಲಿ ಫೋನು ಬಡಿದುಕೊಂಡಿತು. ದೊಡ್ಡಕ್ಕ ಹೋಗಿ ಎತ್ತಿದಳು. ಧಣಿಯೂ ಹಿಂದೆಯೇ ಬಂದ.

“ನಮಸ್ಕಾರ ಅಕ್ಕಾ, ಚೆನ್ನಾಗಿದ್ದೀರಾ? ಈ ವಾರ ಎಷ್ಟು ಜನ?”

“ನೋಡಮ್ಮಾ, ಇಲ್ಲಿ ಇಪ್ಪತ್ತೆರಡು ಜನರನ್ನ ಹೋದ ತಿಂಗಳೇ ತೆಗೆದು ಹಾಕಿದ್ದಾರೆ. ಇವತ್ತು ನಿಮಗೆ ತೋರಿಸೋಕೆ ಒಂದು ಗಂಟೆ ಕರೆಸಿದ್ದಾರೆ. ಬಾಯ್ಲರ್ ಕೂಡ ಹಚ್ಚಿಲ್ಲ. ಬರ್ಕೋ ಇದನ್ನ!” ಧಣಿ ಫೋನಿಗೆ ಕೈ ಚಾಚಿದವನು, ಆ ಕಡೆಯ ಉತ್ತರ ಕಿವಿಗೆ ಬಿದ್ದೊಡನೆ ಕೈ ಹಿಂತೆಗೆದ.

“ಅಯ್ಯೋ ಅಕ್ಕಾ... ಅದನ್ನ ಬರೆಯೋಕೆ ಜಾಗವೇ ಇಲ್ಲ. ಅವರ ಕೈಗೆ ಕೂಲಿ ಸೇರಿದೆಯಾ?”

“ಸೇರಿದೆ.”

“ಹಾಗಾದ್ರೆ ಲೆಕ್ಕಕ್ಕೆ ಸೇರಿದ ಹಾಗೆ. ಇಪ್ಪತ್ತಾರು ಅಂತ ಬರ್ಕೊಳ್ಲಾ?”

“ತಡಿ, ಫೋನ್ ಇಡಬೇಡ.”

ಅವಳು ರಿಸೀವರನ್ನು ಮೇಜಿನ ಮೇಲೆ ಮಲಗಿಸಿ ಬಾಗಿಲಿಗೆ ಬಂದಳು. ಹೊಗೆ, ಹಬೆ, ಗದ್ದಲ ಏನೂ ಇಲ್ಲದ ಆ ಹಜಾರದಲ್ಲಿ ಅವಳ ಗಂಟಲು ಕೊನೆಯವರೆಗೂ ಕೇಳಿಸಿತು.

“ಕವರ್ ಇಟ್ಕೊಂಡವರು ಇಲ್ಲಿ ಕೆಲಸ ಮಾಡ್ತಿದ್ದೀರಿ ಅಂತ ಲೆಕ್ಕ. ವಾಪಸ್ ಕೊಟ್ಟವರು ಲೆಕ್ಕದಲ್ಲಿಲ್ಲ. ನಾನು ಯಾರಿಗೂ ಹೀಗೆ ಮಾಡಿ ಅನ್ನಲ್ಲ. ಹೇಳಿ ಹೇಳಿ ನಿಮ್ಮನ್ನ ಹಾಳು ಮಾಡಿದ್ದು ಸಾಕು.”

ಮೊದಲು ಚಿಕ್ಕವಳು ಕೋಣೆಯೊಳಗೆ ಬಂದು ತನ್ನ ಕವರನ್ನು ಮೇಜಿಗೆ ಬಡಿದಳು. ಮನೆಯಲ್ಲಿ ಹಾಲಿಗೆ ಕಾಸಿಲ್ಲದವಳು ಅವಳು. ಮಾತಿನಮಲ್ಲಿ ಒಂದೂ ಮಾತಿಲ್ಲದೆ ಬಂದು ಇಟ್ಟಳು. ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಮೂವರು ಇಡಲಿಲ್ಲ. ಅವರಲ್ಲೊಬ್ಬಳ ಗಂಡ ಹಾಸಿಗೆ ಹಿಡಿದಿದ್ದ. ಅವಳು ಕವರನ್ನು ಎದೆಗೆ ಅವುಚಿಕೊಂಡು ಗೋಡೆಯ ಕಡೆ ತಿರುಗಿದಳು. ಯಾರೂ ಅವಳನ್ನು ಏನೂ ಅನ್ನಲಿಲ್ಲ.

ಧಣಿಯ ಮುಖ ಕೆಂಡವಾಯಿತು. “ತಲೆ ಕೆಟ್ಟಿದೆಯಾ ನಿಮಗೆ? ಪುಕ್ಕಟೆ ಸಿಕ್ಕಿದ್ದನ್ನ ಯಾರಾದ್ರೂ ಎಸೀತಾರಾ?”

“ಪುಕ್ಕಟೆ ಅಂತ ನೀವೇ ಒಪ್ಪಿದ್ರಲ್ಲ,” ಎಂದು ದೊಡ್ಡಕ್ಕ ಬೆಳಿಗ್ಗೆ ತನಗೆ ಸಿಕ್ಕಿದ್ದ ವಾರದ ಸಂಬಳದ ಕವರನ್ನು ಸೊಂಟದಿಂದ ತೆಗೆದು ಆ ರಾಶಿಯ ಮೇಲೆ ಹಾಕಿದಳು. ಸಿಟ್ಟಿಗೆ ಕಣ್ಣು ಮಂಜಾಗಿತ್ತು. ರಿಸೀವರ್ ಎತ್ತಿ, “ಬರ್ಕೋ ತಾಯಿ. ಆರು,” ಎಂದಳು.

“ಏಳು!” ಧಣಿ ಚೀರಿದ. ಇಪ್ಪತ್ತಾರಕ್ಕೆ ಬಾಯಿ ಬಿಟ್ಟವನು ಈಗ ಏಳಕ್ಕೆ ಅಂಗಲಾಚುತ್ತಿದ್ದ. “ಇವಳೂ ಇದ್ದಾಳೆ! ಏಳು ಅನ್ನೇ!”

“ಆರು.”

ಚಿಕ್ಕವಳು ಮೇಜಿನತ್ತ ನುಗ್ಗಿ ಅಕ್ಕನ ದಪ್ಪ ಕವರನ್ನು ಕಿತ್ತುಕೊಂಡಳು. ಅಕ್ಕನ ರಟ್ಟೆ ಹಿಡಿದು ಜಗ್ಗಿದಳು. ಅವಳ ಸಿಟ್ಟು ಈಗ ಕಟ್ಟೆಯೊಡೆದಿತ್ತು.

“ಹುಚ್ಚು ಹಿಡಿದಿದ್ಯೇನೇ ನಿಂಗೆ? ನಂದು ಒಂದು ಗಂಟೆಯ ನಾಟಕದ ದುಡ್ಡು, ಎಸೆದೆ. ನೀನು ವಾರವಿಡೀ ನಿಂತು ದುಡಿದಿದ್ದೀಯ! ಕಾಲು ಊದಿಸ್ಕೊಂಡು ಬಂದು ರಾತ್ರಿ ನನ್ನ ಕೈಲಿ ಒತ್ತಿಸ್ಕೊಂಡಿದ್ದೀಯ! ಅದನ್ನ ಇವನಿಗೆ ಬಿಟ್ಟು ಹೋಗೋಕೆ ನಮ್ಮಪ್ಪ ಏನು ಗಂಟು ಇಟ್ಟು ಹೋಗಿದ್ನಾ? ಇಟ್ಕೋ ಇದನ್ನ! ನನಗೆ ಮಾಡಿದ್ದಕ್ಕೆ ನೀನು ಉಪವಾಸ ಬಿದ್ರೆ ನನ್ನ ಹೊಟ್ಟೆ ತುಂಬುತ್ತಾ?”

ಕವರನ್ನು ಅಕ್ಕನ ಅಂಗೈಗೆ ತುರುಕಿ, ಬೆರಳುಗಳನ್ನು ನೋಯುವಂತೆ ಮಡಿಸಿದಳು. ದೊಡ್ಡಕ್ಕ ಅದನ್ನು ಹಾಗೇ ಹಿಡಿದುಕೊಂಡು ನಿಂತಳು. ಫೋನಿನಲ್ಲಿ ಆ ದನಿ, “ಅಕ್ಕಾ? ಆರೋ, ಏಳೋ?” ಎನ್ನುತ್ತಿತ್ತು.

“ಏಳು,” ಎಂದಳು ದೊಡ್ಡಕ್ಕ. “ಈ ವಾರ ನಾನು ದುಡಿದಿದ್ದೀನಿ, ನನ್ನನ್ನೂ ಸೇರಿಸ್ಕೋ. ಮುಂದಿನ ತಿಂಗಳು ಈ ಫೋನ್ ಬೇರೆ ಯಾರಾದ್ರೂ ಎತ್ತುತ್ತಾರೆ. ಅವರು ಇಪ್ಪತ್ತಾರು ಅಂದ್ರೆ, ಬಾಯ್ಲರ್ ಹಚ್ಚಿದೆಯಾ ಅಂತ ಒಂದು ಮಾತು ಕೇಳು. ಬರೆಯೋಕೆ ಜಾಗ ಇಲ್ದಿದ್ರೂ ಕೇಳು.”

ರಿಸೀವರ್ ಇಟ್ಟು, ಕವರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತಂಗಿಯ ಕೈ ಹಿಡಿದು ಬಾಗಿಲ ಕಡೆ ನಡೆದಳು.