ನೆಂಟರು ಅಂತ ಹೇಳಬೇಕಾದ ಬಾಡಿಗೆ ಮನೆ

ಕೆಲಸದ ಮೇಲೆ ಬೇರೆ ದೇಶಕ್ಕೆ ಹೊರಟವರನ್ನು ಕಂಡರೆ ಎಲ್ಲರೂ ಕೇಳುವುದು ಒಂದೇ ಮಾತು: "ಮನೆ ಸಿಕ್ತಾ?" ಸಿಕ್ಕಿತು ಅಂದುಬಿಟ್ಟರೆ ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಸಮಾಧಾನ. ಅದು ಯಾರ ಮನೆ ಎಂದು ಕೇಳುವವರು ಕಡಿಮೆ.

ಈ ಕಥೆಯ ಹೆಂಗಸಿಗೆ ಬಾಟಲಿ ಕಾರ್ಖಾನೆಯಲ್ಲಿ ತಪಾಸಣೆ ಕೆಲಸ. ದೀಪದ ಮುಂದೆ ಸಾಲಾಗಿ ಹೋಗುವ ಬಾಟಲಿಗಳಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ತೆಗೆದು ಪಕ್ಕಕ್ಕಿಡಬೇಕು. ಹನ್ನೊಂದು ವರ್ಷ ಅದನ್ನೇ ಮಾಡಿದ್ದಳು. ಕಂಪನಿ ಹೊರದೇಶದಲ್ಲಿ ಹೊಸ ಕಾರ್ಖಾನೆ ತೆರೆದಾಗ, ಅಲ್ಲಿಯವರಿಗೆ ಕೆಲಸ ಕಲಿಸಲು ಅವಳನ್ನು ಮೂರು ವರ್ಷಕ್ಕೆ ಕಳಿಸಿತು. ಜೊತೆಗೆ ಟೈಲರ್ ಗಂಡ, ಏಳು ವರ್ಷದ ಮಗಳು, ಅತ್ತೆ.

ಮೊದಲ ತಿಂಗಳು ಕಂಪನಿಯ ವಸತಿಯಲ್ಲಿರಬಹುದು, ಮನೆ ಹುಡುಕಲು ಅಲ್ಲಿನ ಸಹಾಯಕಿಯೊಬ್ಬಳು ಜೊತೆಗೆ ಬರುತ್ತಾಳೆ ಎಂದು ಆಫೀಸಿನವರು ಹೊರಡುವ ಮುಂಚೆ ಹೇಳಿದ್ದರು. ಹೇಳಿದ್ದಷ್ಟೇ. ಆಮೇಲೆ ಯಾರೂ ವಿಚಾರಿಸಲಿಲ್ಲ.

"ಅದೆಲ್ಲ ಏನೂ ಬೇಡ ಕಣೇ," ಅಂದ ಗಂಡ. "ಮನೆ ಆಗಲೇ ಗೊತ್ತು ಮಾಡಿದ್ದೀನಿ. ಫೋನಲ್ಲೇ ಮೂಲೆ ಮೂಲೆ ತೋರಿಸಿದ. ನಮ್ಮವನೇ. ನಮ್ಮ ಭಾಷೆ ಎಷ್ಟು ಚೆನ್ನಾಗಿ ಮಾತಾಡ್ತಾನೆ ಗೊತ್ತಾ?"

"ನಮ್ಮ ಭಾಷೆ ಮಾತಾಡಿದ್ರೆ ಮನೆ ಅವನದಾಗತ್ತೇನ್ರೀ?"

"ನಿನಗೆ ಎಲ್ಲದರಲ್ಲೂ ಬಿರುಕೇ ಕಾಣೋದು."

ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಅವಳೂ ವಸತಿ ಬೇಡವೆಂದು ಆಫೀಸಿಗೆ ಹೇಳಿಬಿಟ್ಟಳು. ಅಂದಿನಿಂದ ಆ ಮನುಷ್ಯನಿಗೆ ಮನೆಯವರ ಬಾಯಲ್ಲಿ 'ನಮ್ಮವನು' ಎಂಬ ಹೆಸರೇ ನಿಂತಿತು.

ಮನೆ ಮೂರನೇ ಮಹಡಿಯಲ್ಲಿತ್ತು. ಎರಡು ಕೋಣೆ, ಅಡುಗೆಮನೆ, ಬಿಸಿಲು ಬೀಳುವ ಕಿಟಕಿ. ಮನೆಯನ್ನು ಬೈಯುವಂತಿರಲಿಲ್ಲ. ನಮ್ಮವನು ಬೀಗದಕೈ ಕೊಟ್ಟು ಎರಡು ಷರತ್ತು ಹಾಕಿದ.

"ಕೆಳಗಿರೋ ಟಪಾಲು ಪೆಟ್ಟಿಗೆ ಮೇಲೆ ನಿಮ್ಮ ಹೆಸರು ಅಂಟಿಸ್ಬೇಡಿ. ಯಾರಾದ್ರೂ ಕೇಳಿದ್ರೆ ನೆಂಟರು ಅನ್ನಿ."

"ಮತ್ತೆ ಕರಾರು ಪತ್ರ?" ಎಂದಳು ಹೆಂಡತಿ.

"ನಮ್ಮ ನಮ್ಮಲ್ಲಿ ಕಾಗದ ಯಾಕಕ್ಕಾ?"

ಗಂಡ ಅವನ ಬೆನ್ನು ತಟ್ಟಿ ನಕ್ಕ. ಅವಳಿಗೆ ನಗು ಬರಲಿಲ್ಲ.

ಮನೆಯಿಂದ ಎರಡೇ ಬೀದಿ ಆಚೆ ಶಾಲೆ. ಎರಡನೇ ತರಗತಿಯಲ್ಲಿ ಒಂದು ಜಾಗ ಖಾಲಿಯಿತ್ತು. "ವಿಳಾಸ ನೋಂದಾಯಿಸಿದ ಚೀಟಿ ತನ್ನಿ, ನಾಳೆಯಿಂದಲೇ ಬರಲಿ," ಎಂದರು ಹೆಡ್ ಮೇಡಂ. ಅವಳು ಅರ್ಧ ದಿನ ರಜೆ ಹಾಕಿ ನೋಂದಣಿ ಕಚೇರಿಗೆ ಹೋದಳು. ಎಂಟು ಕೌಂಟರ್, ತೆರೆದದ್ದು ಮೂರು. ಎರಡು ಗಂಟೆ ಕಾದ ಮೇಲೆ ಅವಳ ಟೋಕನ್ ಬಂತು.

"ಮಾಲೀಕರು ಸಹಿ ಮಾಡಿದ ಕರಾರು ಪತ್ರ?"

"ಇಲ್ಲ..."

"ಮುಂದಿನವರು ಬನ್ನಿ."

ಹೀಗೆ ಮೂರು ಸಲ. ಮೂರನೆಯ ಸಲ ಗುಮಾಸ್ತ ಅವಳ ಮುಖ ಕಂಡ ಕೂಡಲೇ ತಲೆಯಾಡಿಸಿದ, ಅವಳಿನ್ನೂ ಕುರ್ಚಿ ಎಳೆದಿರಲಿಲ್ಲ.

ಆಸ್ಪತ್ರೆಯಲ್ಲೂ ಅದೇ ಚೀಟಿ ಕೇಳಿದರು. ಊರಿಂದ ತಂದಿದ್ದ ಅತ್ತೆಯ ಬಿ.ಪಿ. ಮಾತ್ರೆ ಮುಗಿಯುತ್ತಾ ಬಂದಿತ್ತು. ಅತ್ತೆ ಯಾರಿಗೂ ಹೇಳದೆ ಒಂದು ಮಾತ್ರೆಯನ್ನು ಮುರಿದು ಎರಡು ದಿನಕ್ಕೆ ಮಾಡಿಕೊಂಡರು. ಮಗಳು ಕಿಟಕಿಯಲ್ಲಿ ಕೂತು, ಬ್ಯಾಗ್ ಹೊತ್ತು ಹೋಗುವ ಮಕ್ಕಳನ್ನು ಎಣಿಸುತ್ತಿದ್ದಳು.

"ನಾಳೆ ಖಂಡಿತ ಕಾಗದ ಕೊಡ್ತಾನಂತೆ," ಎಂದ ಗಂಡ.

"ರೀ, ಹೋದ ವಾರಾನೂ ನಾಳೆ, ಈ ವಾರಾನೂ ನಾಳೆ. ನನಗೆ ತಲೆ ಚಿಟ್ಟು ಹಿಡಿದುಹೋಗಿದೆ. ಒಂದು ಸಲ ನೀವು ಆ ಕ್ಯೂನಲ್ಲಿ ನಿಂತು ಬನ್ನಿ, ಆಮೇಲೆ ನಾಳೆ ಅನ್ನಿ!"

ಅವನು ಮುಖ ಊದಿಸಿಕೊಂಡು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡಲು ಕೂತ.

ಅದೇ ವಾರ ಆಫೀಸಿನಿಂದ ಕರೆ ಬಂತು. ಅವಳ ಕೆಲಸದ ಪರವಾನಗಿ ಕಾರ್ಡ್ ಟಪಾಲಿನಲ್ಲಿ ಮನೆಗೆ ಹೋಗಿ, ಪೆಟ್ಟಿಗೆಯ ಮೇಲೆ ಅವಳ ಹೆಸರಿಲ್ಲವೆಂದು ವಾಪಸ್ ಹೋಗಿತ್ತು. ತಿಂಗಳ ಕೊನೆಯೊಳಗೆ ಕಾರ್ಡ್ ತೋರಿಸದಿದ್ದರೆ ಗೇಟಿನಲ್ಲಿ ಒಳಗೆ ಬಿಡುವುದಿಲ್ಲ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದವಳ ಎದುರು, ಊರಿನ ಕಾರ್ಖಾನೆಯಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದವಳು ಬಂದು ಕೂತಳು. ಅಕ್ಕ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವಳು, ಎರಡು ವರ್ಷ ಮುಂಚೆ, ಈ ಕಾರ್ಖಾನೆ ಕಟ್ಟುತ್ತಿದ್ದಾಗಲೇ ಊರಿಂದ ಬಂದವಳು.

"ಮನೆ ಮಾಲೀಕರು ಯಾರು?" ಕೇಳಿದಳು ಅಕ್ಕ.

"ಗೊತ್ತಿಲ್ಲ."

"ಕರಾರು?"

"ಇಲ್ಲ."

"ಬರೋಕೆ ಮುಂಚೆ ಇಲ್ಲಿ ಇರೋರು ಯಾರಾದ್ರೂ ಹೋಗಿ ನೋಡಿದ್ರಾ?"

"ಇಲ್ಲಕ್ಕ."

ಅಕ್ಕ ಹಣೆ ಚಚ್ಚಿಕೊಂಡಳು. "ನಾನು ಇದೇ ಕಾರ್ಖಾನೆಯಲ್ಲಿ ಇದ್ದೀನಲ್ಲೇ! ಒಂದು ಫೋನ್ ಮಾಡಿದ್ರೆ ಕೈ ಸವೆದು ಹೋಗ್ತಿತ್ತಾ? ಭಾನುವಾರ ಬರ್ತೀನಿ."

ಭಾನುವಾರ ಅಕ್ಕ ಬಂದಾಗ ಟೈಲರ್ ಜಗ್ಗಲಿಲ್ಲ. "ಅಕ್ಕ, ಅವನು ಮೋಸ ಮಾಡೋ ಥರ ಕಾಣಲ್ಲ," ಅನ್ನುತ್ತಿದ್ದ. ಆಗಲೇ ಕರೆಗಂಟೆ ಸದ್ದಾಯಿತು. ಮಗಳು ಓಡಿ ಬಾಗಿಲು ತೆಗೆದಳು. ಒಬ್ಬ ವಯಸ್ಸಾದ ಹೆಂಗಸು, ಹಿಂದೆ ಪ್ಲಂಬರ್. ಕೆಳಗಿನ ಮನೆಯ ಛಾವಣಿ ತೊಟ್ಟಿಕ್ಕುತ್ತಿದೆಯೆಂದು ದೂರು ಹೋಗಿತ್ತು. ಬಂದವರೇ ಮನೆಯ ಮಾಲೀಕರು.

"ನೀನ್ಯಾರಮ್ಮ?" ಎಂದು ಅವರು ತಮ್ಮ ಭಾಷೆಯಲ್ಲಿ ಕೇಳಿದರು. ಮಗು ನೆಟ್ಟಗೆ ನಿಂತು, ಅಪ್ಪ ಹೇಳಿಕೊಟ್ಟಿದ್ದನ್ನು ಅದೇ ಭಾಷೆಯಲ್ಲಿ ಒಪ್ಪಿಸಿತು: "ನಾವು ನೆಂಟರು."

"ಯಾರ ನೆಂಟರು?"

ಹೇಳಿಕೊಟ್ಟಿದ್ದು ಅಷ್ಟೇ. ಮಗು ತಿರುಗಿ ಅಪ್ಪನ ಮುಖ ನೋಡಿತು.

"ಏನಂದಳು?" ಎಂದರು ಅತ್ತೆ. ಅಕ್ಕ ಬಿಡಿಸಿ ಹೇಳಿದಳು. ಅತ್ತೆ ಗೋಡೆ ಹಿಡಿದು ಎದ್ದು ನಿಂತರು. "ಏನೋ, ಈ ದೇಶದಲ್ಲಿ ನನ್ನ ಮೊಮ್ಮಗಳು ಕಲಿತ ಮೊದಲನೇ ಮಾತು ಸುಳ್ಳೇನೋ?"

ಟೈಲರ್ ನಮ್ಮವನಿಗೆ ಫೋನ್ ಹಚ್ಚಿದ. ಸ್ವಿಚ್ ಆಫ್. ಮತ್ತೆ ಹಚ್ಚಿದ. ಸ್ವಿಚ್ ಆಫ್.

ಮಾಲೀಕರು ಕೂಗಾಡಲಿಲ್ಲ. ಮನೆ ಬಾಡಿಗೆಗೆ ಕೊಟ್ಟಿದ್ದು ಆ ಒಬ್ಬನಿಗೆ ಮಾತ್ರ, ಇನ್ನೊಬ್ಬರಿಗೆ ಕೊಡಬಾರದೆಂದು ಕರಾರಿನಲ್ಲೇ ಇದೆ ಎಂದರು. "ನಿಮ್ಮ ಮೇಲೆ ಕೋಪ ಇಲ್ಲ. ಆದರೆ ನೀವು ಯಾರೆಂದು ನನಗೆ ಗೊತ್ತಿಲ್ಲ. ಹತ್ತು ದಿನದಲ್ಲಿ ಬಿಡಿ."

ಅವರು ಹೋದ ಮೇಲೆ ಟೈಲರ್ ಇನ್ನೂ ಎರಡು ಸಲ ಆ ನಂಬರಿಗೆ ಹಚ್ಚಿ ನೋಡಿದ. ಕೊನೆಗೆ, "ಮನೆ ನಿನ್ನದೇನಪ್ಪಾ ಅಂತ ಕೇಳೋಕೆ ಸಂಕೋಚ ಆಯ್ತು," ಎಂದ. "ಏನಂದ್ಕೋತಾನೋ ಅಂತ."

"ಭಾವ, ಹಾಗೆ ಕೇಳಿದ್ದಕ್ಕೆ ಬೇಜಾರಾಗೋರ ಮನೆ ನಮಗೆ ಬೇಡವೇ ಬೇಡ," ಎಂದಳು ಅಕ್ಕ. "ಅಳತೆ ತಗೊಳ್ದೆ ಬಟ್ಟೆಗೆ ಕತ್ತರಿ ಹಾಕ್ತೀರಾ ನೀವು?"

ಸೋಮವಾರ ಹೆಂಡತಿ ನೇರ ಆಫೀಸಿಗೆ ಹೋದಳು. ಅಧಿಕಾರಿ ಕಡತ ತಿರುಗಿಸಿ, "ವಸತಿಯ ಅವಧಿ ಮುಗಿದಿದೆ, ನೀವೇ ಬೇಡ ಅಂದಿದ್ರಿ," ಎಂದರು. ಅವಳ ತಾಳ್ಮೆ ಅಲ್ಲಿಗೆ ಮುಗಿಯಿತು.

"ತಪ್ಪು ನಮ್ಮದೂ ಇದೆ ಸಾರ್. ಆದರೆ ಹೊಸ ಯಂತ್ರ ಬಂದಾಗ ಇಳಿಸೋಕೆ ನಾಲ್ಕು ಜನ, ಕೂರಿಸೋಕೆ ನಾಲ್ಕು ಜನ ಬಂದ್ರು. ನಾನು ಬಂದಾಗ ಎಲ್ಲಿ ಇಳಿದೆ ಅಂತ ಒಬ್ಬರಾದ್ರೂ ಕೇಳಿದ್ರಾ?"

ಅಧಿಕಾರಿ ಕಡತ ಮುಚ್ಚಿದರು. ಸಂಜೆಯೊಳಗೆ ವಸತಿಯಲ್ಲಿ ಎರಡು ಕೋಣೆ, ಕಾರ್ಡ್ ಬರುವ ತನಕ ಗೇಟಿನಲ್ಲಿ ತೋರಿಸಲು ಒಂದು ಪತ್ರ, ಮನೆ ಹುಡುಕಲು ಸಹಾಯಕಿ, ಮೂರೂ ಸಿಕ್ಕವು.

ಸಹಾಯಕಿ ನಾಲ್ಕು ಮನೆ ತೋರಿಸಿದಳು. ಟೈಲರ್ ಈಗ ಎಲ್ಲ ನಲ್ಲಿ ತಿರುಗಿಸಿ ನೋಡಿದ, ಕಿಟಕಿ ಚಿಲಕ ಎಳೆದು ನೋಡಿದ, ಮಾಲೀಕರೆಂಬುದಕ್ಕೆ ಕಾಗದ ತೋರಿಸಿ ಎಂದು ಪ್ರತಿಯೊಬ್ಬರನ್ನೂ ಕೇಳಿದ. ಒಬ್ಬರು ಸಿಡುಕಿದರು, ಇವರು ಹೊರಟು ಬಂದರು. ನಾಲ್ಕನೆಯದು ನೆಲಮಹಡಿಯ ಮನೆ. ಕರಾರನ್ನು ಅಕ್ಕನಿಂದ ಸಾಲು ಸಾಲಾಗಿ ತಮ್ಮ ಭಾಷೆಯಲ್ಲಿ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಿದರು. ಗೋಡೆಯ ಹಳೆಯ ಕಲೆಗಳ ಫೋಟೊ ತೆಗೆದು ಮಾಲೀಕರಿಗೂ ಕಳಿಸಿದರು. ವಿಳಾಸದ ಚೀಟಿ ಇಪ್ಪತ್ತು ನಿಮಿಷದಲ್ಲಿ ಕೈಗೆ ಬಂತು, ವಾರದಲ್ಲಿ ಕಾರ್ಡ್ ಬಂತು. ಮಾತ್ರೆ ಮುರಿದು ನುಂಗಿದ್ದಕ್ಕೆ ಡಾಕ್ಟರು ಅತ್ತೆಗೆ ಚೆನ್ನಾಗಿ ಬೈದು ಹೊಸ ಚೀಟಿ ಬರೆದರು.

ಶಾಲೆಯ ಆ ಒಂದು ಜಾಗ ಮಾತ್ರ ಕಾಯಲಿಲ್ಲ. ಬೇರೆ ಮಗುವಿಗೆ ಹೋಗಿತ್ತು. ಮಗಳು ಈಗ ದಿನಾ ಎರಡು ಬಸ್ ಹಿಡಿದು ದೂರದ ಶಾಲೆಗೆ ಹೋಗುತ್ತಾಳೆ. ಜೊತೆಗೆ ಅಪ್ಪ ಹೋಗುತ್ತಾನೆ.

ಕೆಲಸಕ್ಕೆಂದು ಹೊರದೇಶಕ್ಕೆ ಹೊರಟಿರುವ ಅಣ್ಣಂದಿರೇ, ಅಕ್ಕಂದಿರೇ, ಫೋನಿನಲ್ಲಿ ನೋಡಿದ ಮನೆಗೆ ಒಪ್ಪಿಗೆ ಕೊಡಬೇಡಿ. ಮೊದಲ ಕೆಲವು ವಾರ ಕಂಪನಿಯ ವಸತಿ ಸಿಗುತ್ತದೆಯೇ ಎಂದು ಕೇಳಿ, ಸಿಕ್ಕರೆ ಬಿಡಬೇಡಿ. ಮನೆ ಯಾರದು, ಕರಾರಿಗೆ ಯಾರು ಸಹಿ ಹಾಕುತ್ತಾರೆ, ಆ ವಿಳಾಸವನ್ನು ನಮ್ಮ ಹೆಸರಿನಲ್ಲಿ ನೋಂದಾಯಿಸಬಹುದೇ ಎಂದು ಬಾಯಿಬಿಟ್ಟು ಕೇಳಿ. ಅರ್ಥವಾಗದ ಕಾಗದವನ್ನು ಅರ್ಥವಾದವರಿಂದ ಓದಿಸಿ. ನಿಮಗಿಂತ ಮುಂಚೆ ಹೋದವರಿಗೆ ಒಂದು ಫೋನ್ ಮಾಡಿ. ಜನರನ್ನು ಕಳಿಸುವ ಆಫೀಸಿನವರೇ, ಟಿಕೆಟ್ ಕೊಟ್ಟ ಮೇಲೆ ಕೈ ತೊಳೆದುಕೊಳ್ಳಬೇಡಿ, ಎಲ್ಲಿ ಇಳಿದಿರಿ ಎಂದು ವಿಚಾರಿಸಿ.

ಇಷ್ಟೆಲ್ಲ ಕೇಳಲು ಸಂಕೋಚವಾದರೆ, ನಿಮ್ಮ ಕೈ ಹಿಡಿದು ವಿಮಾನ ಹತ್ತಲಿರುವ ಮಗುವಿನ ಮುಖ ಒಮ್ಮೆ ನೋಡಿ. ಆಮೇಲೆ ಕೇಳಿ.