ಇಳಿದ ಶ್ರುತಿ

ಕುತ್ತಿಗೆಯ ಗಡ್ಡೆ ತೆಗೆಸಿಕೊಂಡ ಮೇಲೆ ಎಂಟು ತಿಂಗಳು ನಾನು ಕೋಯಾಕ್ಕನ, ಅಂದರೆ ಕೋಯಾ ಅಣ್ಣನ, ಕೊಬ್ಬರಿ ಗೋದಾಮಿನ ಮಹಡಿ ಹತ್ತಿರಲಿಲ್ಲ. ಕಲ್ಲಿಕೋಟೆಯ ವಲಿಯಂಗಾಡಿ ಪೇಟೆಯಲ್ಲಿ ಶನಿವಾರ ಅಂಗಡಿಗಳ ಬಾಗಿಲು ಬಿದ್ದ ಮೇಲೆ ನಾವು ಸೇರುವುದು ಅಲ್ಲೇ, ಮೂವತ್ತು ವರ್ಷದಿಂದ. ಕೋಯಾಕ್ಕನ ಹಾರ್ಮೋನಿಯಂ, ಮೂಟೆ ಹೊರುವ ಅಸ್ಸೈನಾರನ ತಬಲಾ, ಮೀನು ಹರಾಜು ಕೂಗುವ ಬೀರಾನನ ಕಂಠ, ಜೊತೆಗೆ ದರ್ಜಿ ಗಂಗಾಧರನ್ ಎಂಬ ನಾನು, ಬೀರಾನನ ಬಾಯಲ್ಲಿ ಗಂಗೇಟ್ಟ, ಗಂಗಣ್ಣ. ಬಂದವರು ಹಾಡಲೇಬೇಕು. ಸುಮ್ಮನೆ ಕೇಳಿ ಹೋಗುವವರಿಗೆ ಅಲ್ಲಿ ಚಹಾ ಕೂಡ ಇಲ್ಲ.

ಹಾಡಲು ನನ್ನಲ್ಲೇನು ಉಳಿದಿತ್ತು, ಮಣ್ಣು! ಮನೆಯಲ್ಲಿ ಬಾಗಿಲು ಹಾಕಿಕೊಂಡು ನೋಡಿದ್ದೆ. ಮೇಲಿನ ಷಡ್ಜದ ಹತ್ತಿರ ಹೋದರೆ ಧ್ವನಿ ಒಡೆಯುತ್ತಿತ್ತು. ಶ್ರುತಿ ಇಳಿಸಿ ಎಂದು ಯಾವ ಮುಖ ಇಟ್ಟುಕೊಂಡು ಕೇಳಲಿ? ನನ್ನೊಬ್ಬನಿಗಾಗಿ ತಗ್ಗಿದ ಶ್ರುತಿಯ, ಅಗಲ ಬಾಯಿಯ ಬೇರೆ ತಬಲಾ ಬೇಕು, ಉಳಿದವರು ಪಾತಾಳದಿಂದ ಹಾಡಬೇಕು. ಹಾಡನ್ನೇ ಬಿಟ್ಟೆ ಎಂದು ಹೇಳಿಬರಲು ಆ ಶನಿವಾರ ಹೋದೆ.

ಹೇಳಲು ಬಿಟ್ಟರೆ ತಾನೆ!

"ಬನ್ನಿ ಗಂಗೇಟ್ಟಾ, ಮೊದ್ಲು ಕಲ್ಲುಮ್ಮಕಾಯಿ ತಿನ್ನಿ, ಆರೋಗುತ್ತೆ," ಎಂದು ಬೀರಾನ್ ಹುರಿದ ಚಿಪ್ಪುಮೀನಿನ ತಟ್ಟೆ ತಳ್ಳಿ ಹಾಡಲು ಕೂತ. ಅವನು ದನಿ ಎತ್ತಿದರೆ ಹೆಂಚಿನ ಮೇಲಿನ ಪಾರಿವಾಳಗಳು ಹಾರುತ್ತಿದ್ದವು. ಅವತ್ತು ಮುಖ ಕೆಂಪಗೆ ಮಾಡಿಕೊಂಡು ಗುರುಗುಟ್ಟುತ್ತಿದ್ದ.

"ಏನೋ, ಬಾವಿಯೊಳಗಿಂದ ಹಾಡ್ತಿದ್ದೀಯಾ?"

"ನೆಗಡಿ ಗಂಗೇಟ್ಟಾ."

ಆಮೇಲೆ ಕೋಯಾಕ್ಕನೂ ಗುರುಗುಟ್ಟಿದರು. ನನ್ನ ಸರದಿ ಬಂತು.

"ನಂದೊಂದು ಮಾತಿದೆ..."

"ಮಾತಿಗೆ ಚಹಾ ಇಲ್ಲ, ಹಾಡೋ," ಎಂದರು ಕೋಯಾಕ್ಕ.

ಹಾಳಾಗಿ ಹೋಗಲಿ, ಇವರ ಎದುರೇ ಒಡೆಯಲಿ ಎಂದು ಕಣ್ಣು ಮುಚ್ಚಿ ಹಳೆಯ ಗಜಲ್ ಒಂದನ್ನು ಎತ್ತಿಕೊಂಡೆ. ಷಡ್ಜ ಹತ್ತಿರ ಬಂತು. ಎದೆ ಗಟ್ಟಿ ಮಾಡಿಕೊಂಡು ಏರಿದೆ. ನಿಂತಿತು! ಇನ್ನೊಮ್ಮೆ ಏರಿದೆ, ಮತ್ತೆ ನಿಂತಿತು. ಗಂಟಲು ವಾಸಿಯಾಯಿತೆಂದು ಹುಚ್ಚು ಸಂತೋಷವಾಯಿತು.

ಹಾಡು ಮುಗಿಸಿ ಕಣ್ಣು ಬಿಟ್ಟಾಗ ಅಸ್ಸೈನಾರನ ಮುಂದಿದ್ದ ತಬಲಾ ಕಂಡಿತು. ಬಾಯಿ ಅಗಲವಾದದ್ದು. ಕೋಯಾಕ್ಕನ ಬೆರಳುಗಳನ್ನು ನೋಡಿದೆ. ನನ್ನ ಹಳೆಯ ಶ್ರುತಿಗಿಂತ ನಾಲ್ಕು ಕೀ ಕೆಳಗಿದ್ದವು.

"ಇಳಿಸಿದ್ದೀರಾ?"

ಬೀರಾನನೇ ಬಾಯಿಬಿಟ್ಟ. "ನೀವು ಒಳಗೆ ಒದ್ದಾಡೋದನ್ನ ಶಾರದೇಚ್ಚಿ ಹೇಳಿದ್ರು. ಒಂದು ತಿಂಗಳಿಂದ ಅಭ್ಯಾಸ ಮಾಡ್ತಿದ್ದೀವಿ. ಮನೇಲಿ ಎಮ್ಮೆ ಕಟ್ಟಿದ್ದೀರಾ ಅಂತಾಳೆ ನಮ್ಮನೆಯವಳು."

ನನ್ನ ಹೆಂಡತಿ ಶಾರದೆಯ ಮೇಲೂ ಇವರ ಮೇಲೂ ಒಟ್ಟಿಗೆ ಸಿಟ್ಟು ನೆತ್ತಿಗೇರಿತು. "ಕನಿಕರ ತೋರಿಸ್ತೀರೇನ್ರೋ? ನಿಮ್ಮ ಹಾಡು ನೀವು ಹಾಡ್ಕೊಳ್ಳಿ! ಲೋ ಅಸ್ಸೈನಾರೇ, ನಿನ್ನ ಹಳೇ ತಬಲಾ ತೆಗಿಯೋ!"

"ಎಲ್ಲಿಂದ ತೆಗೀಲಿ?" ಎಂದ ಅವನು. "ಅದನ್ನ ಕೊಟ್ಟೇ ಇದನ್ನ ತಂದಿದ್ದು. ನೀನು ಎದ್ದು ಹೋದ್ರೂ ಇನ್ಮೇಲೆ ನಮ್ಮ ಶ್ರುತಿ ಇದೇ."

ಮೂವತ್ತು ವರ್ಷ ಮಗುವಿನಂತೆ ಬಟ್ಟೆ ಸುತ್ತಿ ಹೊತ್ತು ತಂದಿದ್ದ ತಬಲಾ ಅದು. ಇಂಥವರನ್ನು ಪಡೆಯಲು ನಾನೇನು ಪುಣ್ಯ ಮಾಡಿದ್ದೆನೋ! ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

"ಸಾಕು ಮಾರಾಯ," ಎಂದು ಕೋಯಾಕ್ಕ ತಿದಿ ಒತ್ತಿದರು. "ಅತ್ತು ಮೂಗು ಕಟ್ಟಿದ್ರೆ ಇನ್ನೂ ಕೆಳಗಿಳಿಯೋದಕ್ಕೆ ನಮ್ಮಿಂದಾಗಲ್ಲ."

ಮೂಗು ಒರೆಸಿಕೊಂಡು ಇನ್ನೊಂದು ಹಾಡು ಎತ್ತಿಕೊಂಡೆ.