ಎಣಿಸದೆ ಬರೆದ ಸೊನ್ನೆ

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮಧ್ಯಾಹ್ನ ಡ್ಯೂಟಿ ಮುಗಿಸಿ, ಸಾನಪಾಡಾದ ಮನೆಗೆ ಹೋಗಲು ಲೋಕಲ್ ರೈಲು ಹತ್ತಿ ಕೂತ ತಕ್ಷಣ ಗಿರಿಜವ್ವನ ಫೋನ್ ಬಂದರೆ ಸಿಟ್ಟು ಬರದೆ ಇರುತ್ತದೆಯೇ? ಕಾಮೋಠೆಯ ನಮ್ಮ ಲ್ಯಾಬಿನಲ್ಲಿ ಆಕೆಯ ರಕ್ತ ತೆಗೆದವಳು ನಾನು, ಬೆಳಿಗ್ಗೆ ರಿಪೋರ್ಟು ಕೈಗಿಟ್ಟವಳೂ ನಾನೇ. ಇನ್ನೇನು ಉಳಿದಿದೆ?

“ನಳಿನವ್ವಾ, ರಿಪೋರ್ಟ್ ಛಲೋ ಐತಂತ ಮಗಾ ಹೇಳ್ದ. ಸಂಜೀ ಆರರ ಬಸ್ಸಿಗೆ ವಿಜಾಪುರಕ್ಕ ಹೊಂಟೇನಿ. ಆದ್ರ ನೀ ಹೇಳಿದ ಗುಳಿಗಿ ತಗೊಂಡ್ರೂ ಮೈ ಕಡತ ಹೋಗವಲ್ದು ನೋಡು. ಜಳಕಾ ಮಾಡಿದ್ರಂತೂ ಕೆರಕೊಂಡು ಕೆರಕೊಂಡು ಸಾಕಾಗೇತಿ. ಹೊಟ್ಟಿನೂ ಉರೀತೈತಿ.”

“ಪಿತ್ತ ಅಂದೆನಲ್ಲಮ್ಮ. ಊರಲ್ಲಿ ನಾಲ್ಕು ದಿನ ತಂಪಾಗಿರಿ, ಹೋಗುತ್ತೆ,” ಎಂದು ಫೋನಿಟ್ಟೆ.

ಖಾರಘರ ದಾಟಿತು, ಬೇಲಾಪುರ ದಾಟಿತು, ಮನಸ್ಸು ಮಾತ್ರ ಫೋನಿನಲ್ಲೇ ಉಳಿದಿತ್ತು. ಆ ಗುಳಿಗೆ ತಡೆಯುವುದು ಹಿಸ್ಟಮಿನ್ ಅನ್ನುವ ವಸ್ತುವನ್ನು. ಮೈ ಕಡಿಸುವುದೂ ಅದೇ, ಹೊಟ್ಟೆಯಲ್ಲಿ ಆಮ್ಲ ಹೆಚ್ಚಿಸುವುದೂ ಅದೇ. ರಕ್ತದಲ್ಲಿ ಅದನ್ನು ಹೊತ್ತು ತಿರುಗುವುದು ಬೇಸೋಫಿಲ್ ಎಂಬ ಬಿಳಿಕಣ. ನೂರು ಬಿಳಿಕಣ ಎಣಿಸಿದರೆ ಅಂಥದ್ದು ಒಂದು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ನಮ್ಮ ಅಗ್ಗದ ಮೆಷಿನ್ ಅದನ್ನು ಬೇರೆ ಮಾಡಿ ತೋರಿಸುವುದೂ ಇಲ್ಲ. ಮೈಕ್ರೋಸ್ಕೋಪಿನಲ್ಲಿ ಕೂತು ಎಣಿಸಬೇಕು. ನಾನು ಎಣಿಸುವುದಿಲ್ಲ. ಹನ್ನೊಂದು ವರ್ಷದಿಂದ ರಿಪೋರ್ಟಿನ ಆ ಸಾಲಿನಲ್ಲಿ ಕಣ್ಣು ಮುಚ್ಚಿ ಸೊನ್ನೆ ಸೊನ್ನೆ ಒತ್ತುತ್ತಿದ್ದೇನೆ. ಗಿರಿಜವ್ವನಿಗೂ ಒತ್ತಿದ್ದೆ. ಬಿಳಿಕಣ ಹದಿನಾಲ್ಕು ಸಾವಿರ, ಹೆಚ್ಚೇ ಇತ್ತು; ಎಲ್ಲೋ ಸಣ್ಣ ಸೋಂಕಿರಬೇಕು, ಚಿಂತೆಯಿಲ್ಲ ಎಂದು ಅವರಿಗೂ ಹೇಳಿದ್ದೆ. ಆ ಕಡಿತ, ಆ ಉರಿ ಬೇಸೋಫಿಲ್ ಹೆಚ್ಚಾಗಿದ್ದರಿಂದಲೇ ಬಂದಿದ್ದರೆ?

ಸೀವುಡ್ಸ್‌ನಲ್ಲಿ ಇಳಿದುಬಿಟ್ಟೆ. ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ. ಲ್ಯಾಬಿನ ಕಡೆ ವಾಪಸ್ಸು ಹೋಗುವ ಪನ್ವೇಲ್ ಗಾಡಿಗೆ ಇನ್ನೂ ಹನ್ನೆರಡು ನಿಮಿಷ. ಪ್ಲಾಟ್‌ಫಾರಂನ ಆ ತುದಿಯಿಂದ ಈ ತುದಿಗೆ ತಿರುಗಿದೆ. ಯಾರೋ ಹೆಂಗಸು “ತಾಈ, ಬಸಾ ನಾ,” ಎಂದು ಮರಾಠಿಯಲ್ಲಿ ಕೂರಲು ಹೇಳಿ ಬೆಂಚಿನಲ್ಲಿ ಜಾಗ ಮಾಡಿಕೊಟ್ಟಳು. ಪಾಪ, ಅವಳ ಮೇಲೂ ರೇಗಿದೆ.

ಲ್ಯಾಬಿನಲ್ಲಿ ರಕ್ತ ಹಚ್ಚಿದ ಗಾಜಿನ ಸ್ಲೈಡುಗಳನ್ನು ಏಳು ದಿನ ಇಟ್ಟು ಎಸೆಯುತ್ತೇವೆ. ಗಿರಿಜವ್ವನದು ಡಬ್ಬಿಯಲ್ಲೇ ಇತ್ತು. ಮೊದಲ ನೋಟಕ್ಕೇ ಒಂದು ಸಿಕ್ಕಿತು: ಸಾಸಿವೆ ಮೆತ್ತಿದ ಹಾಗೆ ಕಡುನೀಲಿ ಕಾಳು ತುಂಬಿದ ಕಣ. ಸ್ವಲ್ಪ ಸರಿಸಿದರೆ ಇನ್ನೊಂದು. ನೂರಕ್ಕೆ ಒಂಬತ್ತು. ಮತ್ತೆ ಎಣಿಸಿದೆ, ಎಂಟು. ಮತ್ತೆ ಎಣಿಸಿದೆ, ಒಂಬತ್ತು. ರಕ್ತಕ್ಕೆ ಇಳಿಯಬಾರದ ಎಳೆಯ ಕಣಗಳೂ ಇದ್ದವು. ರಕ್ತದ ಕ್ಯಾನ್ಸರ್ ಶುರುವಾಗಿರಬಹುದು. ಬೇಗ ಹಿಡಿದರೆ ಗುಳಿಗೆಯಲ್ಲೇ ಹತೋಟಿಗೆ ಬರುವ ಜಾತಿ ಅದು, ತಡವಾದರೆ ಕಷ್ಟ. ಈ ಸೊನ್ನೆ ನಂಬಿಕೊಂಡು ಆಕೆ ಊರು ಸೇರಿದರೆ ಮತ್ತೆ ಯಾರು ಪರೀಕ್ಷೆ ಮಾಡಿಸುತ್ತಾರೆ? ಗಡಿಯಾರ ನಾಲ್ಕೂಮುಕ್ಕಾಲು ತೋರಿಸುತ್ತಿತ್ತು.

ಎರಡು ಗಲ್ಲಿ ಆಚೆಗಿನ ಗಿರಿಜವ್ವನ ಮಗನ ಮನೆಗೆ ಓಡಿದೆ. ಬಾಗಿಲಲ್ಲಿ ಚೀಲ, ಪಕ್ಕದಲ್ಲಿ ಕಟಕ ರೊಟ್ಟಿಯ ಗಂಟು. ರಿಪೋರ್ಟು ಎಲ್ಲಿ ಎಂದೆ. ಗಿರಿಜವ್ವ ನಗುತ್ತಾ ದೇವರ ಗೂಡು ತೋರಿಸಿದಳು. ನನ್ನ ಸೊನ್ನೆಗಳಿಗೆ ಕುಂಕುಮ ಹಚ್ಚಿ, ಹೂವು ಏರಿಸಿ ಇಟ್ಟಿದ್ದಳು.

“ಬಸ್ಸು ಬೇಡಮ್ಮ. ಆ ಕಾಗದ ಸುಳ್ಳು.”

“ಸುಳ್ಳಂದ್ರ? ನೀನ ಎಣಿಸಿದ್ದಲ್ಲೇನು?”

“ಎಣಿಸಿರಲಿಲ್ಲ.”

ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಕಟ್ಟಡವೇ ಕೇಳುವಂತೆ ಕೂಗಾಡುತ್ತಿದ್ದೆ. ಗಿರಿಜವ್ವ ಕಾಗದ ಕೆಳಗಿಳಿಸಿ, ಸೆರಗಿನಿಂದ ಕುಂಕುಮ ಒರೆಸಿದಳು. ಆಮೇಲೆ ಮೊಣಕೈ ಕೆರೆದುಕೊಂಡಳು.

“ಈಗರ ಎಣಿಸೀಯೇನು?”

“ಮೂರು ಸಲ.”

“ಹಂಗಾರ ದವಾಖಾನಿಗೆ ನಡಿ. ನೀನೂ ಬಾ, ಡಾಕ್ಟರ ಮುಂದ ನೀನ ಹೇಳು.”

ಚಪ್ಪಲಿ ಮೆಟ್ಟುತ್ತಿದ್ದವಳು ಹೊಸ್ತಿಲಲ್ಲೇ ನಿಂತಳು. “ನನಗಿಂತ ಮೊದಲಿನ ಮಂದೀದು? ಅದನ್ನೂ ಎಣಿಸ್ತೀಯಲ್ಲ?”

ಏಳು ದಿನದಾಚೆಗಿನ ಒಂದು ಸ್ಲೈಡೂ ನಮ್ಮಲ್ಲಿ ಉಳಿದಿಲ್ಲ. ತಲೆ ತಗ್ಗಿಸಿ ಅವಳ ಮುಂದೆ ಮೆಟ್ಟಿಲಿಳಿದೆ.